ಅರ್ಧ ಒತ್ತು

ಕರ್ವೆನಗರದ ಹಾಸ್ಟೆಲ್ ಹುಡುಗನಿಂದ ಕೊಂಡದ್ದು,
ಒಂಬತ್ತು ಸಾವಿರಕ್ಕೆ, ಚೀಲ ಸಮೇತ.
ನೀಲವ್ವ ಹೊಲಿದ ಕೌದಿಗಳ ಫೋಟೊ ಬೇಕಿತ್ತು.
ಮೊಬೈಲಿನಲ್ಲಿ ನಿಮ್ಮ ಗೋಧಡಿಯ ಕೆಂಪೆಲ್ಲ ಕಿತ್ತಳೆ ಎಂದು
ಕೋಥರೂಡಿನ ಗಿರಾಕಿ ಮುಖ ತಿರುಗಿಸಿದ್ದಳು.

ಮೊದಲ ವಾರ ಒಂದೂ ನೆಟ್ಟಗೆ ಬರಲಿಲ್ಲ.
ಗುಂಡಿ ಒತ್ತಿದರೆ ಲೆನ್ಸು ಸರ್ರೆಂದು ಮುಂದೆ,
ಗರ್ರೆಂದು ಹಿಂದೆ, ಮತ್ತೆ ಮುಂದೆ,
ಸ್ವಾರಗೇಟಿನಲ್ಲಿ ಪ್ಲಾಟ್‌ಫಾರ್ಮು ತಪ್ಪಿದ ಮುದುಕನಂತೆ
ಸೋಲಾಪುರದ ಗಾಡಿ ಎಲ್ಲಿ, ಎಲ್ಲಿ ಎನ್ನುತ್ತ.

ನಾನು ಡಿಪೋದವನು. ಇಪ್ಪತ್ತಾರು ವರ್ಷ
ಬ್ರೇಕು, ಕ್ಲಚ್ಚು, ಗೇರಿನ ಹಲ್ಲು.
ಸದ್ದು ಕೇಳಿ ರೋಗ ಹೇಳುವುದು ನಮ್ಮ ಕಸಬು.
ಕಿವಿಗಿಟ್ಟು ಕೇಳಿದೆ: ಮೋಟರು ಗಟ್ಟಿಯಿದೆ,
ಹಲ್ಲು ಸವೆದಿಲ್ಲ. ಹುಡುಕುತ್ತಿದೆ, ಅಷ್ಟೆ.
ಏನನ್ನು ಎಂಬುದು ಅದಕ್ಕೂ ತಿಳಿದಿಲ್ಲ.

ಪಕ್ಕದ ಸ್ವಿಚ್ಚು ನೋಡಿದೆ, ಸರಿಯಿತ್ತು.
ಲೆನ್ಸು ತಿರುವಿ ತೆಗೆದು ಹಿತ್ತಾಳೆ ಬಣ್ಣದ ಚುಕ್ಕೆಗಳನ್ನು
ಹಳೆ ಧೋತರದ ಚೂರಿನಿಂದ ಒರೆಸಿದೆ.
ಊದಬ್ಯಾಡ್ರಿ, ಉಗುಳು ಬೀಳ್ತದ ಎಂದಳು ನೀಲವ್ವ.
ತೀರ ಹತ್ತಿರವಾಯಿತೇನೋ ಎಂದು
ಒಂದು ಮೊಳ ಹಿಂದೆ ಸರಿದೆ. ಮಂಚ ತಡೆಯಿತು.
ನಮ್ಮ ಕೋಣೆಯಲ್ಲಿ ಹಿಂದೆ ಸರಿಯಲು ಇರುವುದೇ ಅಷ್ಟು.

ಸುಣ್ಣದ ಗೋಡೆಗೆ ಹಿಡಿದೆ: ಗರ್ರ್, ಗರ್ರ್, ಸೋತಿತು.
ಗೋಡೆಯ ಬಿರುಕಿಗೆ ಹಿಡಿದೆ: ಟಿಟ್, ಕಚ್ಚಿಕೊಂಡಿತು.
ಓಹೋ, ಬರೀ ಬಿಳುಪಿನಲ್ಲಿ ಇದಕ್ಕೆ ಕಾಲೂರಲಾಗದು,
ಒಂದು ಅಂಚು ಬೇಕು, ಒಂದು ಸೀಳು, ಒಂದು ಹೊಲಿಗೆ.
ಕೌದಿ ತೂಗುಹಾಕಿದೆ. ಕೂಡಲೇ ಹಿಡಿಯಿತು
ಒಂದೊಂದು ದಾರವನ್ನೂ,
ತೀರಿಹೋದ ಅತ್ತೆಯ ಇಳಕಲ್ ಸೆರಗಿನ ತುಂಡನ್ನೂ.

ಆದರೆ ನೀಲವ್ವ ಕೌದಿ ಹೊದ್ದು ಬಾಗಿಲಲ್ಲಿ ನಿಂತರೆ
ಚಿಲಕ ಸ್ಪಷ್ಟ, ಅವಳು ಹೊಗೆ.
ಬಾಲ್ಕನಿಗೆ ಬಂದರೆ
ಹಗ್ಗಕ್ಕೆ ಹಾಕಿದ ನನ್ನ ಖಾಕಿ ಅಂಗಿಯ ತೋಳು ಸ್ಪಷ್ಟ.
ನನ್ನ ಮಾರಿ ಇದಕ್ಕ ಸೇರಂಗಿಲ್ಲ, ಬಿಡ್ರಿ ಎಂದಳು.

ಬುಧವಾರ ಪೇಠೆಯ ಮಹಡಿಯಲ್ಲಿ ವೈಶಂಪಾಯನರ ಅಂಗಡಿ.
ಜನಮೇಜಯನಿಗೆ ಭಾರತವನ್ನೆಲ್ಲ ಹೇಳಿದವನ ಹೆಸರು;
ಇವರು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.
ಮಿಕ್ಕದ್ದನ್ನು ಹಲಗೆ ಹೇಳುತ್ತದೆ:
'ಒಂದರಿಂದ ನಾಲ್ಕು ಮುಚ್ಚಿದೆ. ಬಾಗಿಲು ಬಡಿದರೂ ಮುಚ್ಚಿದೆ.
ಕ್ಯಾಮೆರಾ ಬಿಟ್ಟು ಹೋಗಿ. ಸಲಹೆ ಬಿಟ್ಟು ಹೋಗಬೇಡಿ.'

ಪರದೆ ನೋಡಿದರು. ಒಂಬತ್ತು ಚುಕ್ಕೆಗೂ ಅಧಿಕಾರ ಕೊಟ್ಟಿದ್ದೀರಿ,
ಹತ್ತಿರ ಸಿಕ್ಕವನನ್ನು ಹಿಡಿಯುತ್ತದೆ, ಹವಾಲ್ದಾರನ ಹಾಗೆ.
ನಡುವಿನದೊಂದನ್ನು ಉಳಿಸಿ ಎಂಟನ್ನು ಆರಿಸಿದರು.
ಕಣ್ಣಿನ ಮೇಲಿಡಿ. ಅರ್ಧ ಒತ್ತಿ. ತಡೆಯಿರಿ. ಆಮೇಲೆ ಪೂರ್ತಿ.
ಹಾಫ್ ಕ್ಲಚ್ಚು, ಎಂದೆ.
ಅವರು ನಗಲಿಲ್ಲ.

ಕಿಂಡಿಯಲ್ಲಿ ಈಗಲೂ ಎಲ್ಲ ಮಂಜು, ಎಂದೆ.
ಕಿಂಡಿಯ ಪಕ್ಕ ಹೆಸರುಕಾಳಿನಷ್ಟು ಒಂದು ಚಕ್ರ;
ಉಗುರಿನಿಂದ ನಾಲ್ಕು ಹಲ್ಲು ತಿರುವಿದರು.
ಎದುರಿನ ಗಡಿಯಾರದಂಗಡಿಯ
ಅಷ್ಟೂ ಮುಳ್ಳುಗಳು ಒಮ್ಮೆಗೇ ಎದ್ದು ನಿಂತವು,
ಒಂದೊಂದೂ ಒಂದೊಂದು ಹೊತ್ತು ಹೇಳುತ್ತ.

ಆಗ ನೆನಪಾಯಿತು, ಹುಡುಗನಿಗೆ ಸೋಡಾಬುಡ್ಡಿ ಕನ್ನಡಕ.
ತೆಗೆದು ತೋರಿಸುವಾಗ ಅದನ್ನು ಹಣೆಗೇರಿಸಿದ್ದ.
ತಿಂಗಳೆಲ್ಲ ನಾನು ಅವನ ಕಣ್ಣಲ್ಲಿ
ನನ್ನ ಹೆಂಡತಿಯನ್ನು ಹುಡುಕಿದ್ದೆ.
ನಟ್ಟು ಬಿಚ್ಚುವ ಮುನ್ನ ಸೀಮೆಸುಣ್ಣದ ಗುರುತು ಹಾಕುವುದು
ಡಿಪೋದ ಪದ್ಧತಿ. ಇಲ್ಲಿ ಹಾಕಲಿಲ್ಲ.
ಅವನು ಲೋಕವನ್ನು ಯಾವ ಹಲ್ಲಿಗೆ ನಿಲ್ಲಿಸಿಕೊಂಡಿದ್ದನೋ,
ಈಗ ಕೇಳಿದರೆ ಯಂತ್ರ ಹೇಳದು.

ಸಂಜೆ ಐದು. ಬಾಲ್ಕನಿ. ಖಾಕಿ ಅಂಗಿ ತೆಗೆದಿಟ್ಟೆ.
ತೊಡೆಯ ಮೇಲೆ ಕೌದಿ, ಬಾಯಲ್ಲಿ ದಾರದ ತುದಿ.
ಚುಕ್ಕೆ ಅವಳ ಎಡಗಣ್ಣಿಗೆ. ಅರ್ಧ ಒತ್ತಿದೆ.
ಟಿಟ್.
ಬಂತೇನ್ರಿ?
ಇನ್ನರ್ಧ ಒತ್ತಿದೆ.

ಬಂದಿದೆ. ಹಣೆಯ ಹಚ್ಚೆಯ ಹಸಿರು,
ತುಟಿಯಂಚಿನ ದಾರದ ಎರಡು ಎಳೆ,
ರೆಪ್ಪೆಗೂದಲು ಬೇಕಾದರೆ ಎಣಿಸಿಕೊಳ್ಳಬಹುದು.
ಕಣ್ಣು ಮುಚ್ಚಿದ್ದಾಳೆ.